ಹೆಣೆದ ಬೆತ್ತ, ಬಾಗಿದ ಕಟ್ಟಿಗೆ

ಗಂಗಾಳನ್ನು ನೋಡಲು ರಾಮದುರ್ಗದ ಕಡೆಯಿಂದ ಗಂಡಿನವರು ಬಂದ ದಿನ ನಾನು ಅವರ ಅಡಿಗೆಮನೆಯಲ್ಲಿದ್ದೆ. ನಾವಿಬ್ಬರೂ ಬೈಲಹೊಂಗಲದ ಒಂದೇ ಓಣಿಯವರು, ಒಂದೇ ಸಾಲೆಯಲ್ಲಿ ಕಲಿತವರು. ಅದು ೧೯೯೩ನೆಯ ಇಸವಿ, ಇಬ್ಬರಿಗೂ ಹತ್ತೊಂಬತ್ತು ವರ್ಷ. ಶಿರಾ ಉಪ್ಪಿಟ್ಟು ತಾಟಿಗೆ ಹಾಕಿ ಹೊಂದಿಸುವ ಕೆಲಸ ನನ್ನದು, ಹೊರಗೆ ಒಯ್ದು ಕೊಡುವುದು ಅವಳದು.

ಅವಳ ತಂದೆ ಮಹಾಂತಪ್ಪನವರದು ಕಾಳಿನ ವ್ಯಾಪಾರ. ಬಂದವರಿಗೆ ಪಡಸಾಲೆಯಲ್ಲಿ ಜಮಖಾನೆ ಹಾಸುವುದು ಆ ಮನೆಯ ರೂಢಿ. ಆದರೆ ಹುಡುಗನ ತಂದೆ ಸಂಗಪ್ಪನವರಿಗೆ ಮೊಣಕಾಲು ನೋವು, ನೆಲದ ಮೇಲೆ ಕೂಡಲು ಆಗುವುದಿಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದರು. ಹಾಗಾಗಿ ಓಣಿಯ ಕೊನೆಯ ಮನೆಯ ನಿಜಗುಣಪ್ಪ ಮಾಸ್ತರರಿಂದ ಒಂದು ಬೆತ್ತದ ಖುರ್ಚಿ ಕೇಳಿ ತಂದಿದ್ದರು. ಕಪ್ಪಗೆ ಮಿರುಗುವ ಮೈ, ಬಳೆಯ ಹಾಗೆ ದುಂಡಗೆ ಬಾಗಿದ ಬೆನ್ನು, ಕೂಡುವ ಜಾಗದಲ್ಲಿ ಜಾಳಿಗೆಯಂತೆ ಹೆಣೆದ ಬೆತ್ತ. ಸಮುದ್ರದಾಚೆಯ ಯಾವುದೋ ದೇಶದಲ್ಲಿ ತಯಾರಾಗಿ, ಹಡಗಿನಲ್ಲಿ ಮುಂಬಯಿಗೆ ಬಂದು, ಮಾಸ್ತರರ ಅಜ್ಜನ ಕಾಲಕ್ಕೆ ನಮ್ಮೂರು ಮುಟ್ಟಿದ್ದಂತೆ. ಎತ್ತಿದರೆ ಹಗುರ, ನೋಡಿದರೆ ಚೆಂದ. ಬೆತ್ತ ಒಣಗಿ ಪೆಡಸಾಗಿದ್ದು ಮಾತ್ರ ಯಾರ ಗಮನಕ್ಕೂ ಬಂದಿರಲಿಲ್ಲ.

ಸಂಗಪ್ಪನವರು ಭಾರಿ ಆಳು. ಗಂಗಾ ಚಹಾದ ತಾಟು ಹಿಡಿದು ಅವರ ಮುಂದೆ ಬಗ್ಗಿದಳು, ಅವರು ಕಪ್ಪು ಎತ್ತಿಕೊಂಡರು, ಅಷ್ಟರಲ್ಲಿ ಪಟಪಟ ಸದ್ದಾಯಿತು. ಅವರು ಖುರ್ಚಿಯಿಂದ ಕೆಳಗೆ ಬೀಳಲಿಲ್ಲ, ಖುರ್ಚಿಯ ಒಳಗೆ ಇಳಿದುಬಿಟ್ಟರು. ಮೊಣಕಾಲು ಎದೆಗೆ ಬಂದವು, ತಲೆಗೆ ಸುತ್ತಿದ ಪಟಗ ಹುಬ್ಬಿನ ಮೇಲೆ ಸರಿಯಿತು, ಕಪ್ಪು ಹಿಡಿದ ಕೈ ಮಾತ್ರ ನೆಟ್ಟಗೆ ಮೇಲಿತ್ತು. ಒಬ್ಬರು ಖುರ್ಚಿಯ ಕಾಲು ಒತ್ತಿ ಹಿಡಿದು, ಇಬ್ಬರು ರಟ್ಟೆ ಹಿಡಿದು ಜಗ್ಗಿದ ಮೇಲೆ ಹೊರಗೆ ಬಂದರು.

ಗಂಗಾ ನಕ್ಕುಬಿಟ್ಟಳು. ತಡೆಯಲು ನೋಡಿದಷ್ಟೂ ನಗು ಹೆಚ್ಚಾಯಿತು. ಕೈಯ ತಾಟಿನಲ್ಲಿ ಕಪ್ಪುಗಳು ಗಲಗಲ ಎಂದವು. ನಾನೂ ನಕ್ಕೆ. ಆದರೆ ನಾನು ಬಾಗಿಲ ಮರೆಯಲ್ಲಿದ್ದೆ, ಅವಳು ಎಲ್ಲರ ನಡುವೆ ನಿಂತಿದ್ದಳು.

ಮೂರನೆಯ ದಿನ ಮಧ್ಯಸ್ಥರು ಬಂದು ಹೇಳಿದರು: “ಬಿದ್ದದ್ದಕ್ಕ ಅವರು ಏನೂ ಅಂದಿಲ್ರಿ. ಆದ್ರ ಹಿರ್ಯಾರು ಬಿದ್ದಾಗ ನಕ್ಕಾಕಿ ನಮ್ಮ ಮನಿಗೆ ಬ್ಯಾಡ ಅಂದಾರ.”

ತಾಯಿ ಸೋಮವ್ವ ಅತ್ತಳು. “ಒಂದು ಘಳಿಗಿ ಹಲ್ಲು ಕಚ್ಚಿ ನಿಂದ್ರಾಕ ಆಗಲಿಲ್ಲೇನ ನಿನಗ?” ಎಂದು ದಿನಕ್ಕೆ ನಾಲ್ಕು ಸಲ ಕೇಳಿದಳು. ಸುದ್ದಿ ಯರಗಟ್ಟಿಯ ಪೇಟೆ ದಾಟಿ ಸವದತ್ತಿಯವರೆಗೂ ಹೋಯಿತು. ನಾನು ಮುಂದೆ ಸವದತ್ತಿಯಲ್ಲಿ ಶಿಕ್ಷಕಿಯಾಗಿ ಸೇರಿದಾಗ ಅಲ್ಲಿಯವರೇ ನನಗೆ ಈ ಕಥೆ ಹೇಳಿದರು, ಹುಡುಗಿಯ ಹೆಸರು ಗೊತ್ತಿಲ್ಲದೆ. ಗಂಗಾಳಿಗೆ ಆ ಹುಡುಗ ತಪ್ಪಿದ್ದರ ದುಃಖ ಇರಲಿಲ್ಲ. ಅವನ ಮುಖವನ್ನೇ ಅವಳು ಸರಿಯಾಗಿ ನೋಡಿರಲಿಲ್ಲ. ಅಪ್ಪ ತನ್ನೆದುರು ಮಾತು ಕಡಿಮೆ ಮಾಡಿದ್ದು ಅವಳಿಗೆ ನೋವಾಗಿತ್ತು.

ಖುರ್ಚಿ ಇನ್ನೂ ಅವರ ಮನೆಯಲ್ಲೇ ಇತ್ತು. ಮಹಾಂತಪ್ಪನವರು ಬಡಿಗನನ್ನು ಕರೆಸಿದರು. ಅವನು ತೂತಿನ ಮೇಲೆ ಪ್ಲಾಯ್‌ವುಡ್ ಬಡಿದು ಕೊಡುತ್ತೇನೆ ಎಂದ. ಮಾಸ್ತರರು ಒಪ್ಪಲಿಲ್ಲ.

“ಫಳಿ ಬಡದ್ರ ಅದು ಬ್ಯಾರೆ ಖುರ್ಚಿನ ಆಗತೈತಿ, ಮಹಾಂತಪ್ಪ. ಬೆತ್ತ ಹಣ್ಯಾವ್ರು ಸಿಗೂತನಕ ನಿಮ್ಮ ಮನ್ಯಾಗ ಇರಲಿ. ನನಗೇನು ಗಡಿಬಿಡಿ ಇಲ್ಲ.”

ಹೀಗೆ ಅದು ಪಡಸಾಲೆಯ ಮೂಲೆಯಲ್ಲಿ ಉಳಿಯಿತು. ದಿನಾ ಕಸ ಗುಡಿಸುವಾಗ ಗಂಗಾ ಅದನ್ನು ಎತ್ತಿ ಇಡಬೇಕಾಗಿತ್ತು. ಒಂದು ಮಧ್ಯಾಹ್ನ ಸಿಟ್ಟಿನಿಂದ, ಜೋತಾಡುವ ಬೆತ್ತವನ್ನೆಲ್ಲ ಕತ್ತರಿಸಿ ಒಗೆಯುತ್ತೇನೆಂದು ಚಾಕು ತಂದು ಕೂತಳು. ಅಂಚಿನ ಬಳಿ ಒಂದು ಎಳೆ ಒಂದು ರಂಧ್ರದಲ್ಲಿ ಇಳಿದು ಪಕ್ಕದ ರಂಧ್ರದಲ್ಲಿ ಮೇಲೆ ಬಂದಿದ್ದು ಕಣ್ಣಿಗೆ ಬಿತ್ತು. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದಳು. ಚಾಕು ಬದಿಗಿಟ್ಟು, ಬಟ್ಟೆ ಹೊಲಿಯುವ ಸೂಜಿಯಿಂದ ಎಳೆ ಬಿಡಿಸತೊಡಗಿದಳು.

ಬಿಡಿಸಲು ಒಂಬತ್ತು ದಿನ ಹಿಡಿಯಿತು. ಒಂದೊಂದು ಎಳೆ ತೆಗೆದಾಗಲೂ ನೋಟಬುಕ್ಕಿನಲ್ಲಿ ಗೆರೆ ಹಾಕಿಕೊಂಡಳು. ಕೂಡುವ ಜಾಗದ ದುಂಡನೆಯ ಚೌಕಟ್ಟಿನ ಸುತ್ತ ಎಪ್ಪತ್ತೆರಡು ರಂಧ್ರ. ನೋಡಲು ಒಂದೇ ಜಾಳಿಗೆಯಂತಿದ್ದರೂ ಹೆಣಿಗೆ ಆರು ಸುತ್ತಿನದು. ಮೊದಲು ಹಿಂದಿನಿಂದ ಮುಂದಕ್ಕೆ, ಅದರ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಹಿಂದಿನಿಂದ ಮುಂದಕ್ಕೆ, ನಾಲ್ಕನೆಯ ಸುತ್ತಿಗೆ ಅಡ್ಡಲಾಗಿ ಮೇಲೆ ಕೆಳಗೆ ದಾಟಿಸುತ್ತ ಹೆಣೆಯುವುದು, ಕೊನೆಗೆ ಒಂದು ಬದಿಯಿಂದ ಎದುರು ಬದಿಗೆ ಎರಡು ಓರೆ ಸುತ್ತು. ಬೆತ್ತ ಸಿಗದಿದ್ದರಿಂದ ಅಂಗಡಿಯ ಚೀಲ ಹೊಲಿಯುವ ಸುತಳಿಯಿಂದ ತಾನೇ ಹೆಣೆದು ನೋಡಿದಳು. ನಾಲ್ಕು ಸುತ್ತು ಸಾಗಿತು. ಓರೆ ಎಳೆಗಳು ಎಳೆದಷ್ಟೂ ಸೊಟ್ಟಗಾದವು. ಮೂರು ಸಲ ಬಿಚ್ಚಿದಳು, ಮೂರು ಸಲ ಹೆಣೆದಳು.

ಸುದ್ದಿ ಕೇಳಿ ನೋಡಲು ಬಂದ ಮಾಸ್ತರರು ಸುತಳಿಯ ಹೆಣಿಗೆಯ ಮೇಲೆ ಅಂಗೈ ಆಡಿಸಿದರು. ಆಮೇಲೆ ಮಹಾಂತಪ್ಪನವರಿಗೆ ಹೇಳಿದರು: “ಬೆಳಗಾವ್ಯಾಗ ಸಿದ್ದರಾಮ ಅಂತ ಒಬ್ಬಾಂವ ಅದಾನ. ಕಣ್ಣಿಲ್ಲ. ಬೆತ್ತದ ಕೆಲಸದಾಗ ಅವನಂಥಾ ಕೈ ನಾ ನೋಡಿಲ್ಲ. ನಿನ್ನ ಮಗಳನ್ನ ಕರಕೊಂಡು ಹೋಗಿ ಬರತೇನಿ.”

ಮಹಾಂತಪ್ಪನವರು ಮಗಳ ಮುಖ ನೋಡಿದರು. “ಹೋಗಿ ಬಾ,” ಎಂದರು. ಎಷ್ಟೋ ದಿನದ ಮೇಲೆ ಅವಳಿಗೆ ನೇರವಾಗಿ ಆಡಿದ ಮಾತು ಅದು.

ಬಸ್ಸಿನ ಟಾಪಿನ ಮೇಲೆ ಖುರ್ಚಿ ಕಟ್ಟಿಕೊಂಡು ಇಬ್ಬರೂ ಬೆಳಗಾವಿಗೆ ಹೋದರು. ಸಿದ್ದರಾಮ ನಲವತ್ತರ ಆಸುಪಾಸಿನವನು, ಒಂದು ಸಣ್ಣ ಕೋಣೆಯಲ್ಲಿ ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದ. ಖುರ್ಚಿಯನ್ನು ತೊಡೆಗಳ ನಡುವೆ ಹಿಡಿದು ಬೆರಳು ಓಡಿಸಿದ.

“ಯಾರು ಹಣದದ್ದು ಇದು?”

“ನಾನ್ರಿ.”

“ಯಾರು ಕಲಿಸಿದ್ರು?”

“ಯಾರೂ ಇಲ್ರಿ. ಹಳೇದು ಬಿಚ್ಚಿ ನೋಡೇನಿ.”

ಸಿದ್ದರಾಮನ ಬೆರಳು ನಿಂತಿತು. “ನಾಕು ಸುತ್ತು ಬರೋಬ್ಬರಿ ಐತಿ. ಓರೆ ಎಳಿ ಕಚ್ಚಾಕ ಹತ್ತೈತಿ. ಕಣ್ಣು ಮುಚ್ಚು, ತಂಗಿ. ಮುಚ್ಚಿದ್ಯಾ? ಈ ಎಳೀ ಮ್ಯಾಲ ಬೆರಳು ಜಾರಸು. ಹೋತೇನು?”

“ಇಲ್ರಿ, ತಡೀತು.”

“ತಡದ್ರ ದಾರಿ ತಪ್ಪೈತಿ ಅಂತ ತಿಳಕೋ. ಎರಡೆರಡು ಎಳಿ ಜೋಡಿ ಅದಾವಲ್ಲ, ಓರೆ ಎಳಿ ಅವುಗಳ ನಡುವ ಜಾರಿ ಕುಂದರಬೇಕು. ನೀ ಎಲ್ಲೆ ಮ್ಯಾಲ ತಂದೀಯೋ ಅಲ್ಲೆ ಕೆಳಗ ಹೋಗಬೇಕಾಗಿತ್ತು. ತಿಕ್ಕಾಡಿದ್ರ ಎರಡು ವರ್ಷದಾಗ ಕಡದು ಹೋಗತೈತಿ.”

ಆ ಸಂಜೆಯವರೆಗೆ ಅವಳು ಕಣ್ಣು ಮುಚ್ಚಿಕೊಂಡೇ ಕಲಿತಳು. ಬೆತ್ತದ ಎಳೆಯನ್ನು ಎಷ್ಟು ಹೊತ್ತು ನೀರಿನಲ್ಲಿ ನೆನೆಸಬೇಕು, ನುಣುಪು ಮೈ ಹೇಗೆ ಮೇಲೆ ಬರಬೇಕು, ಹೆಣೆಯುವಾಗ ಅತಿಯಾಗಿ ಬಿಗಿದರೆ ಒಣಗಿದ ಮೇಲೆ ಹೇಗೆ ಹರಿಯುತ್ತದೆ, ಎಲ್ಲ ಹೇಳಿಕೊಟ್ಟ. ಹೊರಡುವಾಗ ಒಂದು ಸಿಂಬಿ ಬೆತ್ತ ಕೊಟ್ಟ. ವಾರದ ನಂತರ ಮಾಸ್ತರರ ಖುರ್ಚಿ ಹೊಸ ಬೆತ್ತದ ಹೆಣಿಗೆಯೊಂದಿಗೆ ಅವರ ಮನೆಗೆ ಮರಳಿತು. ಅವರು ತಮ್ಮಲ್ಲಿದ್ದ ಅಂಥದೇ ಇನ್ನೂ ಮೂರು ಖುರ್ಚಿಗಳನ್ನು ಹೆಣೆಯಲು ಅವಳ ಮನೆಗೆ ಕಳಿಸಿದರು.

ಅಲ್ಲಿಂದ ಅವಳ ಹೆಸರು ಹಬ್ಬಿತು. ವಕೀಲರ ಮನೆಗಳಿಂದ, ಮುರಗೋಡದಿಂದ, ಕಿತ್ತೂರಿನ ಹಳೆಯ ವಾಡೆಗಳಿಂದ ಖುರ್ಚಿಗಳು ಬಂದವು. ಬೆನ್ನು ಬಾಗಿದವು, ತೂಗುವವು, ಮಕ್ಕಳವು. ನಡುನಡುವೆ ಗಂಡುಗಳೂ ಬಂದರು. ಎರಡು ಕಡೆಯವರು ಹಳೆಯ ಕಥೆ ಕೇಳಿ ಹಿಂದೆ ಸರಿದರು. ಮೂರನೆಯವನು ಮದುವೆಯ ಮೇಲೆ ಈ ಕೆಲಸ ಬಿಡಬೇಕೆಂದಾಗ ಇವಳೇ ಬೇಡವೆಂದಳು. ಸೋಮವ್ವ ನನ್ನ ಮುಂದೆ ತೋಡಿಕೊಂಡಳು. ಆಗ ನನ್ನ ಕೊರಳಲ್ಲಿ ತಾಳಿಯಿತ್ತು, ಸಂಸಾರವಿತ್ತು. ಅವಳ ಕೈಯಲ್ಲಿ ಇದ್ದಂಥದ್ದು ನನಗಿರಲಿಲ್ಲ ಎಂದು ಅನ್ನಿಸಿದ್ದನ್ನು ನಾನು ಯಾರಿಗೂ ಹೇಳಲಿಲ್ಲ.

೧೯೯೮ರಲ್ಲಿ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯ ಫಿಟ್ಟರ್ ಬಸವಲಿಂಗ ಒಂದು ಖುರ್ಚಿ ಹೊತ್ತು ತಂದ. ಅದರ ಬೆತ್ತ ನೆಟ್ಟಗಿತ್ತು, ಬೆನ್ನಿನ ಬಳೆ ಮುರಿದಿತ್ತು.

“ನಾ ಬೆತ್ತದಾಕಿ. ಕಟ್ಟಿಗಿ ನನಗ ತಿಳಿಯೂದಿಲ್ರಿ,” ಎಂದಳು ಗಂಗಾ.

“ನನಗೂ ತಿಳಿಯೂದಿಲ್ರಿ. ನಾ ಕಬ್ಬಿಣದಾಂವ,” ಎಂದ ಅವನು. ಹಾಗೆಂದವನು ಹೋಗದೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಳೆಯ ಉದ್ದಕ್ಕೂ ಕೈಯಾಡಿಸಿದ. ಜೋಡಣೆ ಎಲ್ಲಿದೆ ಎಂದು ಹುಡುಕುತ್ತಿದ್ದ. ಒಂದು ಹಿಂಗಾಲಿನ ತುದಿಯಿಂದ ಶುರುವಾದ ಕಟ್ಟಿಗೆ ಮೇಲೇರಿ, ಬೆನ್ನಾಗಿ ಬಾಗಿ, ಇನ್ನೊಂದು ಹಿಂಗಾಲಾಗಿ ನೆಲಕ್ಕಿಳಿದಿತ್ತು. ಆರೂವರೆ ಅಡಿ ಉದ್ದದ ಒಂದೇ ಕಟ್ಟಿಗೆ. ಎಲ್ಲೂ ಬೆಸುಗೆಯಿಲ್ಲ.

“ಇದನ್ನ ಕೊರದಿಲ್ರಿ. ಬಾಗಿಸ್ಯಾರ,” ಎಂದ, ತನಗೇ ಹೇಳಿಕೊಂಡ ಹಾಗೆ.

“ಒಣಾ ಕಟ್ಟಿಗಿ ಹೆಂಗ ಬಾಗತೈತ್ರಿ?”

“ಅದನ್ನ ನೋಡಬೇಕಲ್ರಿ.”

ಅದನ್ನು ನೋಡಲು ಅವನು ಪ್ರತಿ ರವಿವಾರ ಬರತೊಡಗಿದ. ಆರು ತಿಂಗಳ ನಂತರ ಮಹಾಂತಪ್ಪನವರ ಎದುರು ಕೂತು ತಾನೇ ಬಾಯಿಬಿಟ್ಟು ಹೆಣ್ಣು ಕೇಳಿದ. ಮರುವರ್ಷ ಮದುವೆಯಾಯಿತು. ಅವರಿಗೆ ಮಕ್ಕಳಾಗಲಿಲ್ಲ. ಆ ಕೊರಗು ಇಬ್ಬರಿಗೂ ಇತ್ತು. ಆದರೆ ಅದನ್ನು ಒಬ್ಬರ ಮೇಲೊಬ್ಬರು ಹೇರಿದ್ದನ್ನು ನಾನು ಕಂಡಿಲ್ಲ.

ಕಟ್ಟಿಗೆ ಬಾಗಲು ಮೂರು ವರ್ಷ ಹಿಡಿಯಿತು. ಬಡಿಗರೆಲ್ಲ ಹೇಳುವಂತೆ ಚೆನ್ನಾಗಿ ಒಣಗಿದ ಸಾಗವಾನಿಯನ್ನು ಬಸವಲಿಂಗ ಆರಿಸಿ ತಂದ. ನೆನೆಸಿದ, ಕುದಿಸಿದ, ಅಚ್ಚಿಗೆ ಹಾಕಿ ಎಳೆದ. ಪ್ರತಿ ಸಲವೂ ಹೊರಮೈ ಸೀಳಿತು. ಹದಿನೇಳು ತುಂಡು ಒಲೆಗೆ ಹೋದವು. ಸೋಮವ್ವ ಅಳಿಯನಿಗೆ ಕೇಳಿಸುವಂತೆಯೇ, “ಇಂಥಾ ಕಟ್ಟಿಗಿಯಾಗ ಅಡಿಗಿ ಮಾಡೂ ಭಾಗ್ಯ ಯಾರಿಗೈತವ್ವಾ,” ಎನ್ನುತ್ತಿದ್ದಳು.

ಬಸವಲಿಂಗನ ತಮ್ಮ ಕಲ್ಮೇಶನಿಗೆ ಎಂ.ಕೆ. ಹುಬ್ಬಳ್ಳಿಯ ಹತ್ತಿರ ಹೊಲ, ಬೆಲ್ಲದ ಗಾಣ. ಅವನ ಬದುವಿನ ದಿಂಡಿಗದ ಮರ ಒಂದು ಸಲ ಗಾಳಿಗೆ ಬಿತ್ತು. ಕೊಡಲಿಗೆ ಕಾವು ಮಾಡಲು ಅವನು ಅದರ ಹಸಿ ಟೊಂಗೆ ಸೀಳುತ್ತಿದ್ದಾಗ ಅದು ಮುರಿಯದೆ ಬಾಗಿ ಬಾಗಿ ಬಂದದ್ದನ್ನು ಗಂಗಾ ನೋಡಿದಳು. “ಏನ್ರಿ, ನಾವು ಒಣಗಿದ್ದು ತಂದು ನೀರಾಗ ಹಾಕತೇವಿ. ಹಸೀದ ಯಾಕ ತರಬಾರದು?” ಎಂದಳು. ಗಾಣದ ಒಲೆಯ ಬಾಯಿಗೆ ಒಂದು ನೀರಿನ ಡ್ರಮ್ಮು ಕೂಡಿಸಿ, ಅದರ ಹಬೆಯನ್ನು ಉದ್ದನೆಯ ತಗಡಿನ ಕೊಳವೆಗೆ ಬಿಟ್ಟು, ಒಳಗೆ ಹಸಿ ದಿಂಡಿಗ ಇಟ್ಟು ಬಾಯಿಗೆ ಗೋಣಿತಾಟು ತುರುಕಿದರು. ಒಂದೂಕಾಲು ತಾಸು ಹಬೆ ಕುಡಿದ ಕಟ್ಟಿಗೆ ಅರ್ಧದವರೆಗೆ ಚೆನ್ನಾಗಿ ಬಾಗಿತು. ಆಮೇಲೆ ಅದೂ ಹೊರಗಿನಿಂದ ಸೀಳಿತು.

ಉಳಿದ ಅರ್ಧ ಬಸವಲಿಂಗನಿಗೆ ಫ್ಯಾಕ್ಟರಿಯಲ್ಲಿ ಹೊಳೆಯಿತು. ಯಂತ್ರದಲ್ಲಿ ಒತ್ತಿ ಮೂಟೆ ಮಾಡಿದ ಹತ್ತಿಯ ಬೇಲು ಉಬ್ಬಲು ನೋಡುತ್ತದೆ, ಸುತ್ತ ಬಿಗಿದ ಉಕ್ಕಿನ ಪಟ್ಟಿ ಅದನ್ನು ಬಿಡುವುದಿಲ್ಲ. ಇಪ್ಪತ್ತು ವರ್ಷ ಅದನ್ನೇ ನೋಡಿದ ಮನುಷ್ಯ ಆ ದಿನ ಮನೆಗೆ ಓಡಿ ಬಂದ. “ಗಂಗಾ, ಹೊರಮೈ ಉದ್ದ ಆಗಾಕ ನೋಡತೈತಿ, ಅದಕ್ಕ ಸೀಳತೈತಿ. ಉದ್ದ ಆಗಾಕ ಬಿಡಬಾರದು!” ಎರಡೂ ತುದಿಗೆ ಕಬ್ಬಿಣದ ತಡೆ ಬೆಸೆದ ಒಂದು ದಪ್ಪ ಪಟ್ಟಿ ಮಾಡಿದ. ಕಟ್ಟಿಗೆಯನ್ನು ಆ ತಡೆಗಳ ನಡುವೆ ಬಿಗಿಯಾಗಿ ಕೂಡಿಸಿ, ಪಟ್ಟಿಯನ್ನು ಹೊರಮೈಗೆ ಹಾಕಿದರು. ಆ ತುದಿ ಅವನು, ಈ ತುದಿ ಅವಳು. ಹಬೆಯಿಂದ ತೆಗೆದ ಮೇಲೆ ಅರ್ಧ ನಿಮಿಷ ಮಾತ್ರ ಸಮಯ, ಆಮೇಲೆ ಕಟ್ಟಿಗೆ ಮಾತು ಕೇಳುವುದಿಲ್ಲ. ಬಸವಲಿಂಗ “ಎಳಿ” ಎಂದ. ಇಬ್ಬರೂ ಸಮನಾಗಿ ಎಳೆದರು. ಆರೂವರೆ ಅಡಿಯ ಕಟ್ಟಿಗೆ ಸದ್ದಿಲ್ಲದೆ ಅಚ್ಚಿನ ಸುತ್ತ ಬಾಗಿ ಕೂತಿತು. ಕಲ್ಮೇಶ ಓಡಿಹೋಗಿ ಬಿಸಿ ಬೆಲ್ಲ ತಂದು ಇಬ್ಬರ ಬಾಯಿಗೂ ಹಾಕಿದ. ಗಂಗಾಳ ನಾಲಿಗೆ ಸುಟ್ಟಿತು.

ಆ ಮೇಲಿನ ಹದಿನೆಂಟು ಚಳಿಗಾಲ, ಗಾಣ ಹೂಡಿದ ದಿನಗಳಲ್ಲಿ, ಅವರು ಹೀಗೆ ಬಳೆಗಳನ್ನು ಬಾಗಿಸಿದರು. ಹೊಸ ಖುರ್ಚಿ ಮಾಡಲಿಲ್ಲ. ಮುರಿದದ್ದನ್ನು ಸರಿಮಾಡುವುದೇ ಅವರ ಕೆಲಸವಾಗಿತ್ತು.

೨೦೨೧ರ ಫೆಬ್ರುವರಿಯಲ್ಲಿ ಬಸವಲಿಂಗ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡ. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಗಂಗಾ ಎರಡು ತಿಂಗಳು ಬೆತ್ತ ಮುಟ್ಟಲಿಲ್ಲ. ಆಮೇಲೆ ಕೂಡುವ ಜಾಗ ಹೆಣೆಯಲು ಶುರುಮಾಡಿದಳು. ಕಟ್ಟಿಗೆಯ ಕೆಲಸ ತಂದವರಿಗೆ, “ಅದು ಮುಗೀತ್ರಿ,” ಎನ್ನುತ್ತಿದ್ದಳು.

ಮರುವರ್ಷ ಕಿತ್ತೂರಿನ ಒಂದು ಮನೆಯಿಂದ ಸುಭಾಸ ಎಂಬವರು ಬಂದರು. ಅವರ ತಾಯಿಯ ತವರಿನಿಂದ ಬಂದ ಆರು ಖುರ್ಚಿಗಳಿದ್ದವು. ಮನೆ ರಿಪೇರಿ ಮಾಡುವಾಗ ಒಂದರ ಬೆನ್ನು ಮುರಿದಿತ್ತು. ಗಂಗಾ ಆಗುವುದಿಲ್ಲ ಎಂದಳು. ಅವರು ಒತ್ತಾಯ ಮಾಡಲಿಲ್ಲ. “ನಿಮಗ ಮನಸ್ಸು ಬಂದ್ರ ನೋಡ್ರಿ. ಇಲ್ಲಾಂದ್ರ ಇಲ್ಲೇ ಇರಲಿ. ಮುರದದ್ದು ಮನ್ಯಾಗ ಕಂಡ್ರ ಅವ್ವ ಸಂಕಟಾ ಪಡತಾಳ,” ಎಂದು ಖುರ್ಚಿ ಬಿಟ್ಟು ಹೋದರು.

ಆ ಚಳಿಗಾಲ ಗಂಗಾ ಅದನ್ನು ತೆಗೆದುಕೊಂಡು ಗಾಣಕ್ಕೆ ಹೋದಳು. ಅವಳ ಜೊತೆ ನಾನೂ ಹೋದೆ. ಕಲ್ಮೇಶನ ಹೆಗಲು ಸರಿಯಿರಲಿಲ್ಲ, ಜಗ್ಗಲು ಆಗುತ್ತಿರಲಿಲ್ಲ. ನಾನೊಮ್ಮೆ ಪಟ್ಟಿಯ ತುದಿ ಹಿಡಿದು ನೋಡಿ ಕೈಬಿಟ್ಟೆ, ಜೀವಮಾನವಿಡೀ ಸುಣ್ಣದ ಕಡ್ಡಿ ಹಿಡಿದ ಕೈ ನನ್ನದು. ಕಬ್ಬು ಕಡಿಯಲು ಬಂದಿದ್ದವರಲ್ಲಿ ಶಟ್ಟೆವ್ವ ಎಂಬ ಹೆಂಗಸಿದ್ದಳು. ಮುರಗೋಡದ ಕಡೆಯವಳು, ನಲವತ್ತರ ಒಳಗಿನವಳು, ಕಬ್ಬಿನ ಹೊರೆ ಕಟ್ಟುವುದರಲ್ಲಿ ಗಂಡಸರನ್ನು ಹಿಂದೆ ಹಾಕುವವಳು. ಅವಳು ನೀರು ಕುಡಿಯಲು ಬಂದು ನಿಂತು ನೋಡಿದಳು.

“ಇದು ಹೊರಿ ಬಿಗದಂಗ ಅಲ್ಲೇನಕ್ಕಾ? ಆ ಕಡೆ ತುದಿ ನಾ ಹಿಡೀತೇನಿ.”

ಹಬೆಯಿಂದ ಕಟ್ಟಿಗೆ ತೆಗೆದು ಪಟ್ಟಿಗೆ ಕೂಡಿಸಿದರು. ಶಟ್ಟೆವ್ವ ಕಾಲೂರಿ ತಯಾರಾಗಿ ನಿಂತಳು. ಗಂಗಾ ಎದುರಿಗೆ ನೋಡಿದಳು. ಆ ತುದಿಯಿಂದ ಬರಬೇಕಾದ ಮಾತಿಗೆ ಅವಳು ಕಾಯುತ್ತಿದ್ದಳು. ಕ್ಷಣ, ಎರಡು ಕ್ಷಣ. “ಅಕ್ಕಾ?” ಎಂದಳು ಶಟ್ಟೆವ್ವ. ಗಂಗಾ ಎಚ್ಚೆತ್ತು ಎಳೆಯುವಷ್ಟರಲ್ಲಿ ಕಟ್ಟಿಗೆ ಆರಿತ್ತು. ನಡುವಿಗೇ ಲಟ್ಟನೆ ಮುರಿಯಿತು.

ಗಂಗಾ ಕೆಳಗೆ ಕೂತು ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. “ನಂದ ತಪ್ಪು, ಶಟ್ಟೆವ್ವ. ಎಳಿ ಅನ್ನೂದು ಯಾವಾಗಲೂ ಅವರ ಕೆಲಸ ಆಗಿತ್ತು,” ಎಂದಳು.

“ಹಂಗಾದ್ರ ಈಗ ನೀನ ಅನ್ನು. ನನಗ ಯಾರಾರ ಹೇಳಬೇಕಲ್ಲ.”

ಮಧ್ಯಾಹ್ನದ ಊಟದ ಮೇಲೆ ಎರಡನೆಯ ಕಟ್ಟಿಗೆ ತೆಗೆದರು. ಗಂಗಾ ಪಟ್ಟಿ ಹಿಡಿದಳು. ಮೊದಲು ಅವಳ ತುಟಿ ಮಾತ್ರ ಅಲುಗಿತು. ಆಮೇಲೆ ಇಡೀ ಗಾಣದ ಅಂಗಳಕ್ಕೆ ಕೇಳುವಂತೆ “ಎಳಿ!” ಎಂದು ಕೂಗಿದಳು. ಕಬ್ಬು ಹಾಕುತ್ತಿದ್ದವರು ತಿರುಗಿ ನೋಡಿದರು. ಕಟ್ಟಿಗೆ ಬಾಗಿ ಅಚ್ಚಿಗೆ ಕೂತಿತು. ಕೆಳತುದಿಯ ಹತ್ತಿರ, ಬಾಗು ಶುರುವಾಗುವಲ್ಲಿ, ಕೂದಲೆಳೆಯಂಥ ಒಂದು ಗೆರೆ ಮಾತ್ರ ಬಿದ್ದಿತ್ತು.

ಹತ್ತು ದಿನ ಅಚ್ಚಿನಲ್ಲೇ ಒಣಗಿಸಿ, ಉಜ್ಜಿ, ಕಪ್ಪು ಪಾಲಿಶ್ ಹಚ್ಚಿ ಕಿತ್ತೂರಿಗೆ ಒಯ್ದರು. ನಾನೂ ಜೊತೆಗಿದ್ದೆ. ಸುಭಾಸರ ತಾಯಿ ಆರೂ ಖುರ್ಚಿಗಳನ್ನು ಸಾಲಾಗಿ ಇಡಿಸಿ, ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. “ಯಾವುದು ಮುರದಿತ್ತೋ ಗೊತ್ತಾಗವಲ್ದಲ್ಲ!” ಎಂದು ಹಿಗ್ಗಿದರು. ಶಟ್ಟೆವ್ವ ಹಿಗ್ಗಿ ನನ್ನ ಕೈ ಚಿವುಟಿದಳು.

ಗಂಗಾ ಮುಂದೆ ಹೋಗಿ ನಾಲ್ಕನೆಯ ಖುರ್ಚಿಯನ್ನು ಬೆಳಕಿಗೆ ತಿರುಗಿಸಿದಳು. “ಇದು ನೋಡ್ರಿ, ಅವ್ವಾರ. ಇಲ್ಲೊಂದು ಗೆರಿ ಐತಿ. ಭಾರಾ ತಡೀತೈತಿ, ಹೆದರಿಕಿ ಇಲ್ಲ. ಮಳಿಗಾಲ ಮುಗದ ಮ್ಯಾಲ ಒಮ್ಮೆ ನೋಡ್ರಿ. ಗೆರಿ ಬಾಯಿ ಬಿಟ್ಟಿದ್ರ ಹೇಳಿ ಕಳಿಸ್ರಿ, ಬ್ಯಾರೆ ಮಾಡಿ ಕೊಡತೇವಿ.”

ಮುದುಕಿ ಗೆರೆಯ ಮೇಲೆ ಬೆರಳಿಟ್ಟು ನೋಡಿ, ತಲೆಯಾಡಿಸಿ, ಮೂವರಿಗೂ ಊಟ ಮಾಡಿಕೊಂಡೇ ಹೋಗಬೇಕೆಂದರು.

ಬಸ್ಸಿನಲ್ಲಿ ಶಟ್ಟೆವ್ವ ಸಂಗೊಳ್ಳಿ ಬರುವವರೆಗೂ ಮುನಿಸಿಕೊಂಡಿದ್ದಳು. “ಯಾಕ ತೋರಿಸಿದಿ ಅಕ್ಕಾ? ಅವರಿಗೆ ಕಂಡಿದ್ದಿಲ್ಲ.”

“ಒಂದಿನ ಕಾಣತೈತಿ. ಆವಾಗ ಹೇಳಾಕ ನಾವು ಎದುರಿಗೆ ಇರೂದಿಲ್ಲ,” ಎಂದಳು ಗಂಗಾ.

ಶಟ್ಟೆವ್ವ ಗಂಗಾಳ ಹತ್ತಿರ ಸರಿದು ಕೂತಳು. ಆಮೇಲೆ, ಗೆರೆ ಬಿದ್ದದ್ದು ತನ್ನ ಕಡೆಯ ತುದಿಯಲ್ಲಿ, ಎಳೆಯುವಾಗ ಕೊನೆಗೆ ತಾನು ಕೈ ಮೇಲೆತ್ತಿದ್ದರಿಂದ ಹಾಗಾಯಿತೇನೋ ಎಂದಳು. ಗಂಗಾ ಅವಳ ಕಡೆ ಪೂರ್ತಿ ತಿರುಗಿ ಕೂತಳು. ಟಿಕೀಟಿನ ಹಿಂಬದಿಯಲ್ಲಿ ಪೆನ್ನಿನಿಂದ ಬಳೆಯ ಆಕಾರ ಬರೆದು, ಯಾರ ಕೈ ಯಾವಾಗ ಎಲ್ಲಿ ಇರಬೇಕೆಂದು ಇಬ್ಬರೂ ಮಾತಿಗಿಳಿದರು. ಬೈಲಹೊಂಗಲ ಬಂದು ಬಸ್ಸು ನಿಂತಾಗ ಕಂಡಕ್ಟರ್ ಎರಡು ಸಲ ಕೂಗಬೇಕಾಯಿತು.